ನನ್ನ ಗೆರೆ, ಅವಳ ಅಕ್ಷರ

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಆ ಅಕ್ಷರದ ಕ್ಲಾಸಿಗೆ ಮೊದಲು ಸೇರಿದ್ದು ನಾನು, ನನ್ನ ತಂಗಿ ಅಲ್ಲ. ಈಗ ದಾರಿಯಲ್ಲಿ ಸಿಕ್ಕವರೆಲ್ಲ, "ನಿಮ್ಮ ತಂಗಿ ಎಷ್ಟು ಚೆನ್ನಾಗಿ ಬರೀತಾರಂತೆ, ನೀವೂ ಹೋಗ್ತೀರಂತಲ್ಲ?" ಅಂತಾರೆ. ಆ 'ನೀವೂ' ಕೇಳಿದರೆ ಸಾಕು, ಮೈಯೆಲ್ಲ ಉರಿಯುತ್ತೆ ನನಗೆ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದು ಕಟಿಂಗ್ ಟೇಬಲ್ಲು, ಎರಡು ಮಷೀನು, ಗೋಡೆ ತುಂಬ ಮೊಳೆಗೆ ನೇತುಹಾಕಿದ ಬಟ್ಟೆ. ವರ್ಷಗಟ್ಟಲೆ ಬೇರೆಯವರ ಸೊಂಟ, ಭುಜ, ತೋಳಿನ ಅಳತೆ ತೆಗೆದು ತೆಗೆದು, ನನಗೆ ಅಂತ ಏನಾದರೂ ಒಂದು ಬೇಕು ಅನ್ನಿಸಿಬಿಟ್ಟಿತ್ತು. ಲೈಬ್ರರಿ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು, ಸಂಜೆ ಹೊತ್ತು ಮಹಡಿ ಮೇಲೆ ಚಂದದ ಕೈಬರಹ ಹೇಳಿಕೊಡ್ತಾರೆ ಅಂತ. ನೋಡಿದವಳೇ ಒಳಗೆ ಹೋಗಿ ಹೆಸರು ಬರೆಸಿ ಬಂದೆ. ಒಬ್ಬಳೇ ಹೋಗಿದ್ದರೆ ಏನೂ ಆಗ್ತಿರಲಿಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ! "ನೀನೂ ಬಾರೇ, ಸಂಜೆ ಮೇಲೆ ಒಬ್ಬಳೇ ಕೂತು ಏನು ಮಾಡ್ತೀಯ" ಅಂತ ತಂಗಿಯನ್ನು ಕರೆದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ತಂಗಿ ನಮ್ಮ ಮನೆ ಮಹಡಿಯ ಕೋಣೆಯಲ್ಲೇ ಇರೋದು. ಮದುವೆ ಬೇಡ ಅಂದವಳು, ಇವತ್ತಿಗೂ ಬೇಡ ಅಂತಲೇ ಇದ್ದಾಳೆ. ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ದಿನವಿಡೀ ಹೆಂಗಸರ ಹುಬ್ಬು ತೀಡೋದು. ಚಿಕ್ಕಂದಿನಿಂದಲೂ ಅವಳ ಹಣೆಬರಹವೇ ಹಾಗೆ, ಕೈ ಹಾಕಿದ್ದೆಲ್ಲ ಬರಬೇಕು. ನಾನು ಮಂಡಿ ತರಚಿಕೊಂಡು, ಬಿದ್ದು ಎದ್ದು ಸೈಕಲ್ ಕಲಿತೆ. ಅವಳು ಹತ್ತಿದಳು, ಹೋದಳು. ನಾನು ಕನ್ನಡಿ ಮುಂದೆ ನಿಂತು ನಿಂತು ಸಾಕಾಗುವ ಹೊತ್ತಿಗೆ ಅವಳು ಕೂದಲನ್ನು ಸುಮ್ಮನೆ ಸುತ್ತಿ ಗಂಟು ಹಾಕಿರ್ತಿದ್ದಳು, ಮನೆಗೆ ಬಂದವರೆಲ್ಲ ಅವಳ ತಲೆಯನ್ನೇ ನೋಡೋರು. ನನಗೆ ಹೊಟ್ಟೆಕಿಚ್ಚು ಅಂತ ಯಾರಾದರೂ ಅಂದರೆ ನಾನು ಇಲ್ಲ ಅನ್ನೋದಿಲ್ಲ. ಇದೆ. ಹೊಟ್ಟೆ ಇರೋರಿಗೆ ಕಿಚ್ಚೂ ಇರುತ್ತೆ.

ಕ್ಲಾಸು ಮಾಡುವವರು ಹಿಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಬೋರ್ಡ್ ಮೇಷ್ಟ್ರು ಅಂತ ಎಲ್ಲರೂ ಕರೀತಿದ್ದರು. ಮೊದಲ ಸಂಜೆ ಚಪ್ಪಟೆ ಮೂತಿಯ ನಿಬ್ಬು ಕೊಟ್ಟು, "ಅ ಬರೀರಿ" ಅಂದರು. ನಾನು ನಾಲಿಗೆ ಕಚ್ಚಿಕೊಂಡು, ಭುಜ ಬಿಗಿಹಿಡಿದು ಬರೆದೆ. ನನ್ನ ಅ ನೋಡಿದರೆ ಅದಕ್ಕೇ ಸೊಂಟ ನೋವು ಬಂದ ಹಾಗಿತ್ತು. ಪಕ್ಕಕ್ಕೆ ತಿರುಗಿದೆ. ಇವಳು ಬರೆದಾಗಿತ್ತು. ದಪ್ಪ ಎಲ್ಲಿ ಬೇಕೋ ಅಲ್ಲಿ ದಪ್ಪ, ಸಣ್ಣ ಎಲ್ಲಿ ಬೇಕೋ ಅಲ್ಲಿ ಸಣ್ಣ, ಉಬ್ಬಿದ ಹೊಟ್ಟೆ, ಎತ್ತಿದ ತಲೆ. ಮೇಷ್ಟ್ರು ಕನ್ನಡಕ ಮೇಲೆತ್ತಿ, "ಮೊದಲು ಎಲ್ಲಾದರೂ ಕಲಿತಿದ್ರೇನಮ್ಮ?" ಅಂತ ಕೇಳಿದರು. "ಇಲ್ಲ ಸಾರ್, ಬರೀ ಹುಬ್ಬು ಬರೀತೀನಿ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಾಣಿಸಬೇಕಲ್ಲ.

ಹೀಗೇ ನಡೀತಿತ್ತು. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ತಿದ್ದೆ. ನನ್ನ ಮಗಳು ಮಧ್ಯೆ ಬಂದಳು.

ಮಗಳು ಫಿಸಿಯೋಥೆರಪಿ ಓದಿದವಳು. ಮಂಡಿ ಹಿಡಿದವರು, ಬೆನ್ನು ನೋವಿನವರು, ಬಿದ್ದು ಕಾಲು ಮುರಿದುಕೊಂಡು ಮತ್ತೆ ನಡಿಗೆ ಕಲಿಯೋರು, ಇಂಥವರಿಗೆಲ್ಲ ವ್ಯಾಯಾಮ ಮಾಡಿಸೋದು ಅವಳ ಕೆಲಸ. ಇಷ್ಟು ದಿನ ಆಸ್ಪತ್ರೆಯಲ್ಲಿದ್ದಳು. ಈಗ ಮೆಡಿಕಲ್ ಶಾಪಿನ ಪಕ್ಕದಲ್ಲೇ ಒಂದು ಕೋಣೆ ಹಿಡಿದು ಸ್ವಂತ ಕ್ಲಿನಿಕ್ ತೆರೆಯೋದಕ್ಕೆ ಹೊರಟಿದ್ದಳು. ಒಂದು ಸಂಜೆ ಪರದೆ ಬಟ್ಟೆಯ ಅಳತೆ ಕೊಡೋದಕ್ಕೆ ಬಂದವಳು ನನ್ನ ಕಟಿಂಗ್ ಟೇಬಲ್ ಮೇಲೆ ಬಿದ್ದಿದ್ದ ಎರಡು ಹಾಳೆ ನೋಡಿದಳು. ಒಂದು ನನ್ನದು, ಒಂದು ಅಲ್ಲೇ ಪಕ್ಕದಲ್ಲಿ ಕೂತಿದ್ದ ತಂಗಿಯದು. ಅವಳ ಕಣ್ಣು ನನ್ನ ಹಾಳೆ ಮೇಲೆ ಕೂರಲೇ ಇಲ್ಲ. ನೊಣ ಹಾರಿದ ಹಾಗೆ ಹಾರಿ ತಂಗಿಯ ಹಾಳೆ ಮೇಲೆ ಹೋಯ್ತು.

"ಚಿಕ್ಕೀ! ಇದು ನೀನು ಬರೆದಿದ್ದಾ? ಅಯ್ಯೋ, ನನ್ನ ಕ್ಲಿನಿಕ್ ಗೋಡೆಗೆ ಒಂದು ಬರ್ಕೊಡೇ. ಮಂಚದ ಎದುರಿಗೆ ಹಾಕ್ತೀನಿ. ನೋವು ತಿಂತಾ ಮಲಗಿರೋರು ಅದನ್ನೇ ನೋಡ್ತಾ ಇರಲಿ."

ಏನು ಬರೆಯಬೇಕು ಅನ್ನೋದನ್ನೂ ಅವಳೇ ಯೋಚಿಸಿಟ್ಟುಕೊಂಡಿದ್ದಳು. ಮಂಚದಿಂದ ಏಳೋ ಪ್ರತಿಯೊಬ್ಬರಿಗೂ ಅವಳು ಹೇಳೋ ಮಾತಂತೆ:

ನಿಧಾನಕ್ಕೆ ಎದ್ದೇಳಿ
ಅವಸರ ಇಲ್ಲ
ನೆಲ ಎಲ್ಲಿಗೂ ಹೋಗಲ್ಲ

ತಂಗಿಯ ಮುಖ ಅರಳಿತು. ನನಗೆ ಹೊಟ್ಟೆಗೆ ಕೆಂಡ ಸುರಿದ ಹಾಗಾಯ್ತು. ಇವಳನ್ನು ಹೆತ್ತಿದ್ದು ನಾನು. ಫೀಸಿಗೆ ಮಷೀನು ತುಳಿದಿದ್ದು ನಾನು. ಆದರೆ ನಾನು ಮಷೀನು ತುಳಿಯೋವಾಗ ಇವಳ ಜಡೆ ಹಾಕಿದ್ದು, ಶಾಲೆಗೆ ಬಿಟ್ಟು ಬಂದಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತು ಕತೆ ಹೇಳಿದ್ದು ತಂಗಿ. ಅದಕ್ಕೇ ಏನಿದ್ದರೂ ಮೊದಲು ಚಿಕ್ಕಿ. ಅಮ್ಮ ಪರದೆ ಹೊಲಿಯೋದಕ್ಕೆ.

"ನಾನೇ ಬರೀತೀನಿ," ಅಂದೆ.

ಇಬ್ಬರೂ ನನ್ನ ಕಡೆ ನೋಡಿದರು. ಮಗಳು ತುಟಿ ಕಚ್ಚಿದಳು. "ಅಮ್ಮಾ, ನಿಂಗೆ ಕೆಲಸ ಜಾಸ್ತಿ ಅಲ್ವಾ..." ಅಂತ ಎಳೆದಳು.

"ಕೆಲಸದ ಮಾತು ಬಿಡು. ನನ್ನ ಮಗಳ ಕ್ಲಿನಿಕ್ಕಿಗೆ ನಾನು ಬರೀಬಾರದಾ?"

"ಸರಿ ಹಾಗಾದ್ರೆ, ಇಬ್ರೂ ಬರೀರಿ. ಯಾವುದು ಗೋಡೆಗೆ ಹೊಂದುತ್ತೋ ಅದು ಹಾಕೋಣ." ಹೇಳುವಾಗ ಅವಳು ನನ್ನನ್ನೂ ನೋಡಲಿಲ್ಲ, ಚಿಕ್ಕಿಯನ್ನೂ ನೋಡಲಿಲ್ಲ, ಟೇಪು ಸುತ್ತುತ್ತಾ ಇದ್ದಳು. ಕ್ಲಿನಿಕ್ ತೆರೆಯೋದು ಮುಂದಿನ ಭಾನುವಾರ.

ಮೇಷ್ಟ್ರಿಗೆ ವಿಷಯ ಹೇಳಿದೆವು. ಅವರು ತಮ್ಮ ಹಳೇ ದಾಸ್ತಾನಿನಿಂದ ದಪ್ಪನೆಯ ದೊಡ್ಡ ಹಾಳೆ ತೆಗೆದು ತಲಾ ಒಂದೊಂದು ಕೊಟ್ಟರು. "ಇಂಥ ಕಾಗದ ಈಗ ಸಿಗಲ್ಲ. ಇವೆರಡೇ ಉಳಿದಿರೋದು. ಇದನ್ನ ಮುಟ್ಟೋ ಮೊದಲು ಕರಡು ಕಾಗದದ ಮೇಲೆ ಎಲ್ಲಾ ಲೆಕ್ಕಾಚಾರ ಮುಗಿಸಿ. ಹೊಸಬರು ಕೆಡೋದು ಅಕ್ಷರದಲ್ಲಲ್ಲ, ಜಾಗದಲ್ಲಿ," ಅಂದರು. ಕೆಡೋ ವಿಷಯ ಹೇಳುವಾಗ ಯಾಕೋ ನನ್ನನ್ನೇ ನೋಡಿದರು.

ಕೆಲಸ ಹೇಗೆ ಮಾಡಬೇಕು ಅಂತಲೂ ಹೇಳಿಕೊಟ್ಟಿದ್ದರು. ಮೊದಲು ಅಂಗೈಯಗಲದ ಚೌಕದಲ್ಲಿ ಸುಮ್ಮನೆ ಗೀಚಿ ನೋಡೋದು, ಮಾತು ಎಷ್ಟು ಸಾಲಿನಲ್ಲಿ ನಿಂತರೆ ಚಂದ ಅಂತ. ಆಮೇಲೆ ಒಂದೊಂದು ಸಾಲನ್ನೂ ನಿಜವಾದ ಅಳತೆಯಲ್ಲಿ ಕರಡು ಕಾಗದದ ಮೇಲೆ ಬರೆದು, ಪಟ್ಟಿ ಕತ್ತರಿಸೋದು. ಪಟ್ಟಿಯನ್ನ ತುದಿಗೆ ತುದಿ ಸೇರಿಸಿ ಮಡಚಿದರೆ ಮಧ್ಯ ಸಿಗುತ್ತೆ. ಹಾಳೆಯಷ್ಟೇ ದೊಡ್ಡ ಇನ್ನೊಂದು ಕರಡಿನ ಮೇಲೆ ಆ ಪಟ್ಟಿಗಳನ್ನ ಮಧ್ಯಕ್ಕೆ ಮಧ್ಯ ಕೂರಿಸಿ, ಮೇಲೆ ಕೆಳಗೆ ಸರಿಸಿ ಸರಿಸಿ, ಕಣ್ಣಿಗೆ ಒಪ್ಪಿದ ಮೇಲೆ ಅಂಟಿಸೋದು.

ಬಟ್ಟೆ ಕತ್ತರಿಸೋ ಮೊದಲು ಕಾಗದದ ಮೇಲೆ ಅಚ್ಚು ತೆಗೆಯೋ ನನಗೆ ಇದು ಹೊಸದಲ್ಲ ಅಂದುಕೊಂಡೆ. ಜಂಬ ನೋಡಿ! ಮೊದಲ ಸಲ ಅಕ್ಷರ ಎಣಿಸಿ ಮಧ್ಯ ಹಿಡಿದೆ. ರ ಎಷ್ಟು ಸಣ್ಣ, ಹೋ ಎಷ್ಟು ಅಗಲ ಅನ್ನೋದು ತಲೆಗೇ ಹೋಗಲಿಲ್ಲ. ಮೂರನೇ ಸಾಲು ಬಲಕ್ಕೆ ಎಳೆದುಕೊಂಡು ಹೋಗಿ ಅಂಚಿಗೆ ಮೂಗು ತಾಗಿಸಿ ನಿಂತಿತ್ತು. ಪಟ್ಟಿ ಮಡಚಿ ಮಧ್ಯ ಹಿಡಿದ ಮೇಲೆ ಅದು ಸರಿಹೋಯ್ತು. ಆದರೆ ಮೂರೂ ಸಾಲನ್ನ ಹತ್ತಿರ ಹತ್ತಿರ ಕೂರಿಸಿದ್ದೆ. 'ಇಲ್ಲ'ದ ಒತ್ತು ಕೆಳಗಿಳಿದು ಕೆಳಗಿನ ಸಾಲಿನ 'ಹೋ' ತಲೆ ಮೇಲೆ ಸವಾರಿ ಮಾಡ್ತಿತ್ತು. ನಮ್ಮನೆಯವರು ಕನ್ನಡಕ ಹಾಕಿಕೊಂಡು ಬಂದು ನೋಡಿ, "ಇದೇನೇ, ಬಸ್ಸಲ್ಲಿ ಸೀಟಿಗೆ ಜಗಳ ಆಡಿದ ಹಾಗಿದೆ" ಅಂದರು.

"ನೀವು ಸುಮ್ಮನಿರ್ರೀ," ಅಂದೆ. ಆದರೆ ಮಾತು ಸರಿಯಾಗಿಯೇ ಇತ್ತು.

ಕಿತ್ತೆ. ಮತ್ತೆ ಬರೆದೆ, ಮತ್ತೆ ಕತ್ತರಿಸಿದೆ. ಗಿರಾಕಿಗಳ ರವಿಕೆ, ಪ್ಯಾಂಟು ಎಲ್ಲ ಮೂಲೆಗೆ ಬಿದ್ದವು. ಒತ್ತು ಇಳಿಯೋದಕ್ಕೆ ಎಷ್ಟು, ಗುಡಿಸು ಏರೋದಕ್ಕೆ ಎಷ್ಟು ಅಂತ ಸ್ಕೇಲು ಹಿಡಿದು ಕೂತೆ. ಸಣ್ಣ ಸಾಲಾದ 'ಅವಸರ ಇಲ್ಲ' ಮಧ್ಯೆ ಬರೋದರಿಂದ ಎರಡೂ ಕಡೆ ಖಾಲಿ ಜಾಗ ಉಳೀತಿತ್ತು. ಮೊದಲು ಅದನ್ನ ಹೇಗಾದರೂ ತುಂಬಿಸಬೇಕು, ಒಂದು ಬಳ್ಳಿಯೋ ಹೂವೋ ಹಾಕಬೇಕು ಅನ್ನಿಸಿತ್ತು. ನೋಡ್ತಾ ನೋಡ್ತಾ, ಬೇಡ, ಆ ಖಾಲಿಯೇ ಇರಲಿ ಅನ್ನಿಸಿತು. ಅವಸರ ಇಲ್ಲ ಅಂತ ಹೇಳೋ ಕಡೆ ಕಣ್ಣಿಗೆ ಸ್ವಲ್ಪ ಸುಮ್ಮನಿರೋ ಜಾಗ ಬೇಕಲ್ಲ. ಪಟ್ಟಿಗಳನ್ನ ಒಂದು ಕೂದಲೆಳೆಯಷ್ಟು ಮೇಲೆ, ಒಂದು ಕೂದಲೆಳೆಯಷ್ಟು ಕೆಳಗೆ ಸರಿಸುತ್ತಾ ಕೂತರೆ ಊಟದ ನೆನಪೂ ಆಗ್ತಿರಲಿಲ್ಲ. ಶುಕ್ರವಾರದ ಹೊತ್ತಿಗೆ ಎಲ್ಲಾ ಕೂತಿತು. ದೂರ ನಿಂತು ನೋಡಿದೆ. ಅಕ್ಷರ ನನ್ನವೇ ವಕ್ರ ಅಕ್ಷರ, ಆದರೆ ಜಾಗ ಸರಿಯಾಗಿತ್ತು.

ಈ ವಾರವಿಡೀ ನನ್ನ ಒಂದು ಕಿವಿ ಮಹಡಿ ಮೇಲೇ ಇತ್ತು. ಮೇಲೆ ಕುರ್ಚಿ ಎಳೆಯೋ ಸದ್ದು, ಕಾಗದ ಮುದುಡೋ ಸದ್ದು. ಕಾಗದ ಯಾಕೆ ಮುದುಡ್ತಾಳೆ? ಚಂದ ಬಂದಿದ್ದನ್ನೂ ಇನ್ನೂ ಚಂದ ಬರಲಿ ಅಂತ ಎಸೀತಿದ್ದಾಳೆ, ಕೊಬ್ಬು ನೋಡು, ಅಂದುಕೊಂಡೆ. ತಡೆಯಲಾರದೆ ಒಂದು ದಿನ ಒಗೆದ ಬಟ್ಟೆ ಕೊಡೋ ನೆಪ ಮಾಡಿಕೊಂಡು ಹತ್ತಿದೆ. ಬಾಗಿಲು ತಳ್ಳಿದ್ದೇ ತಡ, ಮೇಜಿನ ಮೇಲಿದ್ದುದರ ಮೇಲೆ ಟವೆಲ್ ಎಳೆದು ಮುಚ್ಚಿದಳು.

"ಏನೇ, ನನಗೂ ತೋರಿಸಬಾರದಾ?"

"ಮುಗೀಲಿ ಅಕ್ಕ, ತೋರಿಸ್ತೀನಿ."

ಬಟ್ಟೆಯನ್ನ ಮಂಚದ ಮೇಲೆ ಎಸೆದು ಇಳಿದು ಬಂದೆ. ಆ ಟವೆಲ್ ಕೆಳಗೆ ಏನಿರಬಹುದು ಅಂತ ಯೋಚಿಸಿ ಯೋಚಿಸಿ ಒಂದು ಪ್ಯಾಂಟಿನ ಕಾಲು ಉಲ್ಟಾ ಹೊಲಿದೆ.

ಶನಿವಾರ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿದೆ. ಟೇಬಲ್ ಒರೆಸಿದೆ, ಕೈ ತೊಳೆದು ಒಣಗಿಸಿಕೊಂಡೆ. ಒಳ್ಳೇ ಹಾಳೆ ತೆಗೆದು ಹಾಸಿದೆ. ಎಷ್ಟು ಚಂದದ ಹಾಳೆ ಅಂದರೆ, ಬೆರಳಾಡಿಸಿದರೆ ಸಣ್ಣಗೆ ಮರಳು ಮುಟ್ಟಿದ ಹಾಗೆ. ಮೊದಲು ನಡುಗೆರೆ ಹಾಕಬೇಕು. ತಲೆಯಲ್ಲಿ ಪಟ್ಟಿ, ಒತ್ತು, ಅಂತರ, ನಾಳೆ ಮಗಳು ಯಾವುದನ್ನ ಎತ್ತಿಕೊಳ್ತಾಳೆ ಅನ್ನೋದೇ ಓಡ್ತಿತ್ತು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡ್ತಿತ್ತು. ಮೂವತ್ತು ವರ್ಷದಿಂದ ಬಟ್ಟೆ ಮಡಚಿ ಮಧ್ಯ ಹಿಡಿದ ಕೈ, ವಾರದಿಂದ ಪಟ್ಟಿ ಮಡಚಿ ಮಧ್ಯ ಹಿಡಿದ ಕೈ. ಅಂಚಿಗೆ ಅಂಚು ಕೂಡಿಸಿ, ಹಾಳೆಯನ್ನ ಎರಡಾಗಿ ಮಡಚಿ, ಉಗುರಿನಲ್ಲಿ ಮೇಲಿಂದ ಕೆಳಗಿನವರೆಗೂ ಎಳೆದುಬಿಟ್ಟೆ.

ಆ ಸದ್ದು ಕೇಳಿದ ಮೇಲೆ ಗೊತ್ತಾಯ್ತು. ಬಟ್ಟೆ ಹಾಗೆ ಸದ್ದು ಮಾಡಲ್ಲ.

ಬಿಡಿಸಿದೆ. ಹಾಳೆಯ ನಟ್ಟನಡುವೆ, ತಲೆಯಿಂದ ಪಾದದವರೆಗೆ, ಒಂದು ಮಡಿಕೆ. ಅಂಗೈಯಿಂದ ಉಜ್ಜಿದೆ, ಹೋಗಲಿಲ್ಲ. ಇನ್ನೂ ಬುದ್ಧಿ ಬರಲಿಲ್ಲ ನನಗೆ. ಟೈಲರಿಗೆ ಮಡಿಕೆ ಅಂದರೆ ನೆನಪಾಗೋದು ಒಂದೇ. ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ, ಒದ್ದೆ ಬಟ್ಟೆ ಹಾಸಿ ಒತ್ತಿದೆ. ಹಾಳೆ ಅಲೆ ಅಲೆಯಾಗಿ ಎದ್ದಿತು. ಮಡಿಕೆ ಮಾತ್ರ ಅಲ್ಲೇ ಕೂತಿತ್ತು. ಕೆಳತುದಿಯಲ್ಲಿ ಒಂದು ಅಕ್ಷರ ಬರೆದು ನೋಡೋಣ ಅಂತ ಮಡಿಕೆ ಮೇಲೆ ನಿಬ್ಬು ಇಟ್ಟೆ. ಮಸಿ ಎರಡೂ ಕಡೆ ಕಾಲು ಚಾಚಿಕೊಂಡು ಹರಿದುಹೋಯ್ತು. ಥೂ ಹಾಳಾದ್ದು! ನಿಬ್ಬನ್ನ ಗೋಡೆಗೆ ಎಸೆದು, ಸ್ಟೂಲಿನ ಮೇಲೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಹಾಳೆಗೆ ಅತ್ತಿದ್ದು ಅಂತ ನೀವು ಅಂದುಕೊಳ್ಳಬೇಡಿ. ನಾಳೆ ಗೋಡೆ ಮೇಲೆ ಅವಳದ್ದು ಇರುತ್ತಲ್ಲ, ಅದಕ್ಕೆ ಅತ್ತಿದ್ದು.

ಇಸ್ತ್ರಿಯ ವಾಸನೆಗೋ ಏನೋ, ತಂಗಿ ಇಳಿದು ಬಂದಳು. ಹಾಳೆ ನೋಡಿದಳು, ಇಸ್ತ್ರಿ ಪೆಟ್ಟಿಗೆ ನೋಡಿದಳು.

"ಮಡಚಿದ್ಯಾ?"

"ಹೂಂ, ಮಡಚಿದೆ. ಹೋಗು, ಹೋಗಿ ಖುಷಿಪಡು. ನಿಂದೇ ಹಾಕ್ತಾಳೆ, ಹೋಗು."

ಅವಳು ಹೋಗಲಿಲ್ಲ. ಪಕ್ಕದಲ್ಲಿ ಅಂಟಿಸಿಟ್ಟಿದ್ದ ನನ್ನ ಕರಡಿನ ಮುಂದೆ ನಿಂತಳು. ತುಂಬ ಹೊತ್ತು ನಿಂತಳು. ನನ್ನ ಬರಹದ ಮುಂದೆ ಅವಳು ಅಷ್ಟು ಹೊತ್ತು ನಿಂತಿದ್ದನ್ನ ನಾನು ಯಾವತ್ತೂ ಕಂಡಿರಲಿಲ್ಲ.

"ಇದನ್ನ ಹೇಗೆ ಹಿಡಿಸಿದೆ?" ಅಂದಳು.

"ಏನು ಹೇಗೆ?"

"ಮೂರನೇ ಸಾಲು. ನಂಗೆ ಹಿಡೀತಾನೇ ಇಲ್ಲ ಅಕ್ಕ. ಮೊದಲ್ನೇ ಸಾಲು ಬರೆಯೋ ಹೊತ್ತಿಗೆ ಕೈ ಬಿಟ್ಕೊಂಡು ಹೋಗುತ್ತೆ, ದೊಡ್ಡದಾಗುತ್ತೆ. ಕೊನೇ ಸಾಲಿಗೆ ಬಂದ್ರೆ ಜಾಗ ಇಲ್ಲ. ಸಣ್ಣದು ಬರೆದ್ರೆ ಮೇಲೆಲ್ಲ ಖಾಲಿ. ಮನೇಲಿರೋ ಹಳೇ ಪೇಪರೆಲ್ಲ ಖಾಲಿಯಾಯ್ತು. ಆ ಪಟ್ಟಿ ಗಿಟ್ಟಿ ಕತ್ತರಿಸೋ ತಾಳ್ಮೆ ನಂಗಿಲ್ಲ."

"ಹಾಗಾದ್ರೆ ನಿನ್ನ ಹಾಳೆ?"

"ಇನ್ನೂ ಮುಟ್ಟಿಲ್ಲ."

ಅಂದರೆ ಆ ಟವೆಲ್ ಕೆಳಗೆ ಇದ್ದಿದ್ದು ಇಷ್ಟೇ! ನನ್ನ ಕಣ್ಣೀರು ಅಲ್ಲೇ ಒಣಗಿತು. ಎದ್ದು ನಿಂತೆ. "ಆ ಹಾಳೆ ನಂಗೆ ಕೊಡು. ನನ್ನ ಹತ್ರ ಎಲ್ಲಾ ರೆಡಿ ಇದೆ."

"ನಾನ್ಯಾಕೆ ಕೊಡ್ಲಿ? ನಿನ್ನ ಕರಡು ನಂಗೆ ಕೊಡು, ನಾನು ಬರೀತೀನಿ."

"ನನ್ನ ಮಗಳ ಕ್ಲಿನಿಕ್ಕು ಕಣೇ ಅದು!"

"ಗೊತ್ತು ನಿನ್ನ ಮಗಳು ಅಂತ!" ಅವಳು ಕಿರುಚಿದಳು. ತಂಗಿ ಕಿರುಚೋದು ಅಪರೂಪ. "ಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ಅವಳ ಜಡೆ ನಾನು ಹಾಕ್ತಿದ್ದೆ, ಅವಳು ಬಾಗಿಲು ನೋಡ್ತಿದ್ದಳು. ಅಮ್ಮನ ಮಷೀನು ನಿಂತ್ತಾ, ಅಮ್ಮ ಬಂದ್ಲಾ ಅಂತ. ನೀನು ಬಂದ್ರೆ ಸಾಕು, ಅರ್ಧ ಜಡೆ ಬಿಟ್ಟು ಓಡಿಬಿಡ್ತಿದ್ಲು. ನಾನು ರಿಬ್ಬನ್ ಹಿಡ್ಕೊಂಡು ಹಾಗೇ ಕೂತಿರ್ತಿದ್ದೆ. ಒಂದು ಗೋಡೆ ಕೇಳಿದ್ಲು ಅವಳು ನನ್ನ ಹತ್ರ. ಒಂದೇ ಒಂದು ಗೋಡೆ. ಅದನ್ನೂ ನಾನೇ ಬರೀತೀನಿ ಅಂತ ಕಿತ್ಕೊಂಡೆ ನೀನು."

ನಿಜ ಹೇಳ್ತೀನಿ, ಕೇಳಿ ನನಗೆ ಮರುಕ ಬರಲಿಲ್ಲ. ಮೊದಲು ಬಂದಿದ್ದು ಖುಷಿ. ಅರ್ಧ ಜಡೆ ಬಿಟ್ಟು ಓಡಿ ಬರ್ತಿದ್ದಳಾ? ನನ್ನ ಹತ್ರಾ? ಇಷ್ಟು ವರ್ಷ ನಾನೊಬ್ಬಳೇ ಉರೀತಿದ್ದೀನಿ ಅಂದುಕೊಂಡಿದ್ದೆ. ಇವಳೂ ಉರೀತಿದ್ದಳು ಅಂತ ತಿಳಿದು ಹೊಟ್ಟೆ ತಣ್ಣಗಾಯ್ತು. ಆ ತಣ್ಣಗಾಗಿದ್ದಕ್ಕೆ ಆಮೇಲೆ ನಾಚಿಕೆಯೂ ಆಯ್ತು, ಆದರೆ ಆಮೇಲೆ.

"ಬಾ, ಕೂತ್ಕೋ," ಅಂದೆ. "ಕರಡು ಕಾಗದದ ಮೇಲೆ ಮೊದಲ್ನೇ ಸಾಲು ಬರಿ. ನಾನೂ ಬರೀತೀನಿ. ನೋಡೋಣ."

ಇಬ್ಬರೂ ಬರೆದೆವು. ಪಕ್ಕಪಕ್ಕ ಇಟ್ಟೆವು. ಒಂದು ತಿಂಗಳ ಹಿಂದೆ ಆಗಿದ್ದರೆ, ಇವಳದು ಚೂರು ಚೆನ್ನಾಗಿದೆ ಅಷ್ಟೇ ಅಂತ ಮೂಗು ಮುರೀತಿದ್ದೆ. ಈಗ ಕಣ್ಣು ಬಂದಿತ್ತು, ಅದೇ ನನ್ನ ಗ್ರಹಚಾರ. ಎಲ್ಲಿ ನಿಬ್ಬು ತಿರುಗಬೇಕು, ಎಲ್ಲಿ ಉಸಿರು ಬಿಡಬೇಕು ಅಂತ ಗೊತ್ತಾಗಿದ್ದರಿಂದ ಅವಳು ಎಷ್ಟು ಮೇಲಿದ್ದಾಳೆ ಅನ್ನೋದು ಚೆನ್ನಾಗಿ ಕಾಣ್ತಿತ್ತು. ನನ್ನ 'ಎದ್ದೇಳಿ' ಈಗ ತಾನೇ ಬಿದ್ದ ಹಾಗಿತ್ತು. ಮಂಡಿ ನೋವಿನವರು ಅದನ್ನ ನೋಡಿದರೆ ಮಂಚ ಬಿಟ್ಟು ಏಳೋದೇ ಬೇಡ ಅಂತಾರೆ. ಅವಳ 'ಎದ್ದೇಳಿ' ನಿಜವಾಗಿಯೂ ಮೆಲ್ಲಗೆ ಎದ್ದು ನಿಂತಿತ್ತು. ಮಗಳ ಹತ್ರ ಬರೋರು ನೋವು ತಿನ್ನೋ ಜನ. ಅವರ ಮುಂದೆ ನನ್ನ ಹಟವನ್ನ ಫ್ರೇಮ್ ಹಾಕಿ ನೇತುಹಾಕೋದಕ್ಕೆ ನನಗೇ ಮನಸ್ಸು ಬರಲಿಲ್ಲ.

"ನೀನೇ ಬರಿ," ಅಂದೆ. ಹಲ್ಲು ಕೀಳಿಸಿಕೊಂಡ ಹಾಗಾಯ್ತು. "ಆದ್ರೆ ಗೆರೆ ನಾನು ಹಾಕೋದು. ನನ್ನ ಗೆರೆ ಬಿಟ್ಟು ಒಂದು ಕೂದಲೆಳೆ ಆಚೆ ಹೋದ್ರೆ ಕೈ ಮುರೀತೀನಿ."

"ಆಗ್ಲಿ ಮಹಾತಾಯಿ," ಅಂದಳು, ಮೂಗು ಒರೆಸಿಕೊಳ್ಳುತ್ತಾ. ಮೇಲೆ ಹೋಗಿ ಹಾಳೆ ತಂದಳು.

ಈ ಸಲ ಸ್ಕೇಲಿನಲ್ಲಿ ಅಳೆದು ಮಧ್ಯ ಹಿಡಿದೆ. ಪೆನ್ಸಿಲನ್ನ ಸೂಜಿಯ ಹಾಗೆ ಚೂಪು ಮಾಡಿ ನಡುಗೆರೆ ಎಳೆದೆ. ಪ್ರತಿ ಸಾಲಿಗೂ ತಲೆಕಟ್ಟಿಗೊಂದು, ಪಾದಕ್ಕೊಂದು, ಒತ್ತಿಗೆ ಅದರ ಕೆಳಗೆ ಇನ್ನೊಂದು. ಪ್ರತಿ ಅಕ್ಷರ ಎಲ್ಲಿ ಶುರು, ಎಲ್ಲಿ ಮುಗಿಯಬೇಕು ಅನ್ನೋದಕ್ಕೂ ಸಣ್ಣ ಗುರುತು. ಅವಳು ಕೂತಳು. ನಾನು ಹಿಂದೆ ನಿಂತೆ. ಮೂರನೇ ಸಾಲಿನಲ್ಲಿ ಅವಳ ಕೈ ಬಿಟ್ಟುಕೊಂಡು ಹೋಗೋದಕ್ಕೆ ನೋಡ್ತು. "ಏಯ್, ಗೆರೆ!" ಅಂದೆ. ಹಿಡಿದುಕೊಂಡಳು. 'ಹೋಗಲ್ಲ'ದ ಕೊನೆಯ ಒತ್ತು ನಾನು ಹಾಕಿದ ಗುರುತಿನ ಮೇಲೆ ಬಂದು ಸರಿಯಾಗಿ ನಿಂತಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು. ಅಷ್ಟು ಚಂದದ್ದನ್ನ ನಾನು ನಮ್ಮ ಮನೆಯಲ್ಲಿ ಕಂಡಿರಲಿಲ್ಲ. ಕಂಡು ಮತ್ತೆ ಹೊಟ್ಟೆ ಉರಿಯಿತು.

ಮಸಿ ಒಣಗಿದ ಮೇಲೆ ಗೆರೆ ಅಳಿಸಬೇಕು. ಅದು ನಾಜೂಕಿನ ಕೆಲಸ, ಒತ್ತಿದರೆ ಮಸಿ ಎದ್ದುಬರುತ್ತೆ. ತಂಗಿ ರಬ್ಬರ್ ತಗೊಂಡಳು. "ಕೊಡಿಲ್ಲಿ, ನೀನು ಕೆಡಿಸ್ತೀಯ" ಅಂತ ಕಿತ್ತುಕೊಂಡೆ. ಅವಳು ಪಾರ್ಲರಿಗೆ ಹೋದಳು, ಸಂಜೆ ಗಿರಾಕಿಗಳಿದ್ದರು. ಕಿಟಕಿ ಹತ್ತಿರ ಕೂತು ನನ್ನ ಗೆರೆಗಳನ್ನ ನಾನೇ ಒಂದೊಂದಾಗಿ ಅಳಿಸಿದೆ. ನಡುಗೆರೆ ಹೋಯ್ತು. ತಲೆಕಟ್ಟಿನ ಗೆರೆಗಳು ಹೋದವು. ವಾರವಿಡೀ ಊಟ ಬಿಟ್ಟು ಹುಡುಕಿದ ಅಳತೆಯೆಲ್ಲ ಸಣ್ಣ ಸಣ್ಣ ಬೂದು ಪುಡಿಯಾಗಿ ಮಡಿಲಲ್ಲಿ ಬಿತ್ತು. ಹಾಳೆ ಸ್ವಚ್ಛ ಆಗ್ತಾ ಹೋದ ಹಾಗೆ ಅಕ್ಷರಗಳು ತಮ್ಮಷ್ಟಕ್ಕೆ ತಾವೇ ಬಂದು ನಿಂತಿವೆಯೇನೋ ಅನ್ನಿಸ್ತಿತ್ತು. ಎದ್ದು ಮಡಿಲು ಕೊಡವಿ ಬಂದೆ.

ಭಾನುವಾರ ಬೆಳಿಗ್ಗೆ, ಜನ ಬರೋ ಮೊದಲೇ, ಮೂವರೂ ಕ್ಲಿನಿಕ್ಕಿನಲ್ಲಿದ್ದೆವು. ನಾನು ಹೊಲಿದ ಪರದೆ ತೂಗ್ತಿತ್ತು. ಮಂಚದ ಎದುರು ಖಾಲಿ ಗೋಡೆ, ಕೆಳಗೆ ಬೆಂಚಿನ ಮೇಲೆ ಬಿಚ್ಚಿಟ್ಟ ಫ್ರೇಮು. ತಂಗಿ ಸುರುಳಿ ಬಿಡಿಸಿದಳು.

"ಚಿಕ್ಕೀ..." ಮಗಳು ಕೈಯನ್ನ ಬಾಯಿ ಮೇಲೆ ಇಟ್ಟುಕೊಂಡಳು. ಆಮೇಲೆ ಅವಳ ಕುತ್ತಿಗೆಗೆ ಜೋತುಬಿದ್ದಳು. "ಎಷ್ಟು ಚೆನ್ನಾಗಿದೆಯೇ! ಹೇಗೆ ಬರೆದೆ ಇದನ್ನ?"

ತಂಗಿ ನನ್ನ ಕಡೆ ನೋಡಿದಳು. ಬಾಯಿ ತೆರೆದ ಹಾಗೆ ಮಾಡಿದಳು. ಆದರೆ ಕುತ್ತಿಗೆಗೆ ಜೋತುಬಿದ್ದ ಹುಡುಗಿಯ ಬೆನ್ನ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, ಸುಮ್ಮನಾಗಿಬಿಟ್ಟಳು. ಅವಳ ಜಾಗದಲ್ಲಿ ನಾನಿದ್ದರೆ ನಾನೂ ಸುಮ್ಮನೇ ಇರ್ತಿದ್ದೆ.

"ಅಮ್ಮಾ, ನಿಂದೆಲ್ಲಿ?" ಮಗಳು ಆಮೇಲೆ ಕೇಳಿದಳು.

"ನನ್ನ ಹಾಳೆ ಹಾಳಾಯ್ತು."

"ಅಯ್ಯೋ, ಪಾಪ" ಅಂದಳು. ಅನ್ನುವಾಗ ಅವಳ ಮುಖದ ಬಿಗಿ ಸಡಿಲಾಗಿದ್ದು ನನಗೆ ಕಂಡಿತು. ಯಾವುದನ್ನೂ ಬೇಡ ಅನ್ನೋ ಕಷ್ಟ ಅವಳಿಗೆ ತಪ್ಪಿತ್ತು. ತಾಯಿ ಕಣ್ಣಿಗೆ ಇಂಥದ್ದು ಬೇಗ ಕಾಣುತ್ತೆ, ಏನು ಮಾಡೋದು.

ಅವಳು ಹಾಳೆಯನ್ನ ಗಾಜಿನ ಮೇಲೆ ಇಡೋದಕ್ಕೆ ಹೋದವಳು ಬಗ್ಗಿ ನೋಡಿದಳು. "ಚಿಕ್ಕಿ, ಇಲ್ಲಿ ಕೆಳಗೆ ಒಂದು ಪೆನ್ಸಿಲ್ ಗೆರೆ ಉಳಿದುಬಿಟ್ಟಿದೆ ನೋಡು. ಇರು, ಅಳಿಸ್ತೀನಿ." ಮೇಜಿನ ಡ್ರಾಯರಿನಿಂದ ರಬ್ಬರ್ ತೆಗೆದಳು.

"ಮುಟ್ಟಬೇಡ," ಅಂದೆ. ದನಿ ನನಗೇ ಜೋರಾಗಿ ಕೇಳಿಸಿತು.

"ಅಮ್ಮಾ, ಬರೀ ಗೆರೆ..."

"ಉಳಿದಿದ್ದಲ್ಲ ಅದು, ಉಳಿಸಿದ್ದು. ಮಿಕ್ಕಿದ್ದೆಲ್ಲ ನಾನೇ ಅಳಿಸಿದೀನಿ. ಇದೊಂದು ಹಾಗೇ ಇರಲಿ. ಇದು ನಾನು ಬರೆದಿದ್ದು."

ಮಗಳು ರಬ್ಬರ್ ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು, ಆಮೇಲೆ ಚಿಕ್ಕಿಯ ಮುಖ. ತಂಗಿ ಅವಳ ಕೈಯಿಂದ ರಬ್ಬರ್ ತಗೊಂಡು ತನ್ನ ಬ್ಯಾಗಿಗೆ ಹಾಕಿಕೊಂಡಳು.